ಸತ್ತವರು ಹೊರಗೆ, ಜಗಳ ಒಳಗೆ: ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಮೊದಲ ಸಲ ನೋಡುವವರಿಗೆ

ಜಾಂಬಿ ಅಂದ್ರೆ ಏನು ಅಂತ ನಮ್ಮ ಕ್ಯಾಂಪಸ್ಸಿನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ‘ಟ್ರೇನ್ ಟು ಬುಸಾನ್’ ನೋಡಿರ್ತೀವಿ. ಹಿಂದಿಯ ‘ಗೋ ಗೋವಾ ಗಾನ್’, ತಮಿಳಿನ ‘ಮಿರುತನ್’, ತೆಲುಗಿನ ‘ಜಾಂಬಿ ರೆಡ್ಡಿ’ಯಲ್ಲಿ ಒಂದನ್ನಾದ್ರೂ ನೋಡಿರ್ತೀವಿ. ಏನೂ ಇಲ್ಲ ಅಂದ್ರೆ ಫೋನಿನಲ್ಲಿ ‘ಪ್ಲಾಂಟ್ಸ್ ವರ್ಸಸ್ ಜಾಂಬೀಸ್’ ಆಡಿರ್ತೀವಿ. ಸತ್ತವರು ಎದ್ದು ಬರ್ತಾರೆ, ಬದುಕಿರೋರನ್ನ ತಿಂತಾರೆ, ತಲೆಗೆ ಹೊಡೆದರೆ ಮಾತ್ರ ಬೀಳ್ತಾರೆ. ಈ ನಿಯಮಗಳು ಬಾಯಿಪಾಠ.

ಇವುಗಳ ಬಹುಪಾಲು ಬಂದದ್ದು ಒಂದೇ ಸಿನಿಮಾದಿಂದ. 1968ರ ಅಕ್ಟೋಬರ್ 1ರಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಬಿಡುಗಡೆಯಾದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’. ನಿರ್ದೇಶಕ ಜಾರ್ಜ್ ರೊಮೆರೊಗೆ ಆಗ 28 ವರ್ಷ. ತಮಾಷೆ ಏನಂದ್ರೆ, ಇಡೀ ಸಿನಿಮಾದಲ್ಲಿ ‘ಜಾಂಬಿ’ ಅನ್ನೋ ಪದ ಒಂದು ಸಲವೂ ಬರಲ್ಲ. ಹೆಣ ತಿನ್ನುವ ಪಿಶಾಚಿಗೆ ಇಂಗ್ಲಿಷಿನಲ್ಲಿರೋ ‘ಘೂಲ್’ ಅನ್ನೋ ಪದವನ್ನೇ ಬಳಸ್ತಾರೆ.

ಇವತ್ತು ಮೊದಲ ಸಲ ನೋಡೋರಿಗೆ ಒಂದು ತೊಂದರೆ ಇದೆ. ಕಪ್ಪು ಬಿಳುಪು. ಹೆಣಗಳು ಆಮೆ ಥರ ನಡೀತಾವೆ. ಬುಸಾನ್ ರೈಲಿನ ಓಟ ನೋಡಿದ ಕಣ್ಣಿಗೆ ‘ಇದಕ್ಕೆ ಯಾರ್ ಹೆದರ್ತಾರೆ ಗುರೂ’ ಅನ್ಸುತ್ತೆ. ಅದಕ್ಕೇ ಈ ಲೇಖನ. ಈ ಸಿನಿಮಾದಲ್ಲಿ ಭಯ ಎಲ್ಲಿದೆ ಅಂತ ಗೊತ್ತಿದ್ರೆ ನೋಡೋ ಕಣ್ಣೇ ಬೇರೆ ಆಗುತ್ತೆ. ಭಯ ಕಿಟಕಿಯ ಹೊರಗಿಲ್ಲ. ಒಳಗೆ ಸಿಕ್ಕಿಹಾಕಿಕೊಂಡ ಏಳು ಜನ ಒಂದು ತೀರ್ಮಾನಕ್ಕೆ ಬರೋಕಾಗಲ್ವಲ್ಲ, ಅಲ್ಲಿದೆ.

ಕಥೆ, ಬೇಕಾದಷ್ಟೇ

ಕೊನೆ ಹೇಳಲ್ಲ, ಭಯ ಬೇಡ. ಬಾರ್ಬ್ರಾ ಅನ್ನೋ ಹುಡುಗಿ ಅಣ್ಣನ ಜೊತೆ ಅಪ್ಪನ ಸಮಾಧಿಗೆ ಹೂವಿನ ಹಾರ ಇಡೋಕೆ ಬರ್ತಾಳೆ. ಅಷ್ಟು ದೂರ ಕಾರ್ ಓಡಿಸ್ಕೊಂಡು ಬಂದಿದ್ದಕ್ಕೆ ಅಣ್ಣನಿಗೆ ಬೇಜಾರು, ತಂಗೀನ ಹೆದರಿಸ್ತಾ ರೇಗಿಸ್ತಾನೆ. ದೂರದಲ್ಲಿ ಒಬ್ಬ ಮನುಷ್ಯ ತೂರಾಡ್ತಾ ಬರ್ತಿರ್ತಾನೆ. ಅಲ್ಲಿಂದ ಕಥೆ ಓಡುತ್ತೆ. ಬಾರ್ಬ್ರಾ ತಪ್ಪಿಸಿಕೊಂಡು ಒಂದು ಒಂಟಿ ತೋಟದ ಮನೆ ಸೇರ್ತಾಳೆ. ಸ್ವಲ್ಪ ಹೊತ್ತಿಗೆ ಬೆನ್ ಅನ್ನೋನು ಒಂದು ಟ್ರಕ್ಕಿನಲ್ಲಿ ಬರ್ತಾನೆ. ಟ್ರಕ್ಕಿಗೆ ಪೆಟ್ರೋಲ್ ಬೇಕು. ಪಂಪು ಅಂಗಳದಾಚೆ ಇದೆ, ಆದ್ರೆ ಬೀಗ ಹಾಕಿದೆ.

ಬೆನ್ ಬಾಗಿಲು ಕಿತ್ತು, ಮೇಜು ಮುರಿದು ಕಿಟಕಿಗಳಿಗೆ ಹಲಗೆ ಹೊಡೀತಾನೆ. ಅಷ್ಟೆಲ್ಲ ಮುಗಿದ ಮೇಲೆ ನೆಲಮಾಳಿಗೆ ಬಾಗಿಲು ತೆಗೆಯುತ್ತೆ. ಕೆಳಗೆ ಮೊದಲಿಂದಲೂ ಐದು ಜನ ಇದ್ರು. ಹ್ಯಾರಿ ಕೂಪರ್, ಅವನ ಹೆಂಡತಿ ಹೆಲೆನ್, ಗಾಯಗೊಂಡ ಮಗಳು ಕ್ಯಾರೆನ್, ಜೊತೆಗೆ ಟಾಮ್ ಮತ್ತು ಜೂಡಿ ಅನ್ನೋ ಹರೆಯದ ಜೋಡಿ. ಮೇಲೆ ಹುಡುಗಿ ಕಿರುಚಿದ್ದು ಕೇಳಿದ್ರೂ ಯಾಕೆ ಬರಲಿಲ್ಲ ಅಂತ ಬೆನ್ ಕೇಳ್ತಾನೆ. ಹ್ಯಾರಿ ಕೊಡೋ ಉತ್ತರವನ್ನ ಗಮನವಿಟ್ಟು ಕೇಳಿ. ಸಿನಿಮಾ ನಿಜವಾಗಿ ಶುರುವಾಗೋದು ಅಲ್ಲಿಂದ.

ನೆಲಮಾಳಿಗೆಯೋ, ನಡುಮನೆಯೋ

ಹ್ಯಾರಿ ವಾದ: ನೆಲಮಾಳಿಗೆಗೆ ಇರೋದು ಒಂದೇ ಬಾಗಿಲು. ಒಳಗಿಂದ ಅಗಳಿ ಹಾಕಿದ್ರೆ ಮುಗೀತು. ಮೇಲೆ ಎಷ್ಟು ಕಿಟಕಿ, ಎಷ್ಟು ಬಾಗಿಲು ಕಾಯ್ತೀಯ?

ಬೆನ್ ವಾದ: ಆ ಒಂದು ಬಾಗಿಲು ಮುರಿದ್ರೆ ಓಡೋಕೆ ಇನ್ನೊಂದು ದಾರಿ ಇಲ್ಲ. ಅದು ಬೋನು. ಮೇಲಿದ್ರೆ ಹೊರಗೆ ಏನಾಗ್ತಿದೆ ಅಂತ ಕಾಣುತ್ತೆ, ರೇಡಿಯೋ ಕೇಳುತ್ತೆ, ಟ್ರಕ್ಕಿಗೆ ದಾರಿ ಇದೆ.

ಇದು ನಮಗೆ ಹೊಸದಲ್ಲ. ಸಿಸ್ಟಮ್ ಡಿಸೈನ್ ಕ್ಲಾಸಿನ ಮೊದಲ ವಾರದ ಪಾಠ. ಒಂದೇ ಪ್ರವೇಶದ್ವಾರ ಇದ್ದರೆ ಕಾಯೋದು ಸುಲಭ, ಆದರೆ ಅದೊಂದು ಕೈಕೊಟ್ಟರೆ ಎಲ್ಲಾ ಹೋಯ್ತು. ಹತ್ತು ಕಡೆ ತೂತಿದ್ದರೆ ಸೋರೋ ಸಾಧ್ಯತೆ ಜಾಸ್ತಿ, ಆದರೆ ತಪ್ಪಿಸ್ಕೊಳ್ಳೋಕೂ ಹತ್ತು ದಾರಿ. ಎರಡೂ ಲೆಕ್ಕ ಸರಿ. ಯಾವ ಥರದ ವೈಫಲ್ಯಕ್ಕೆ ನಾವು ಹೆಚ್ಚು ಹೆದರ್ತೀವಿ ಅನ್ನೋದರ ಮೇಲೆ ಉತ್ತರ ನಿಂತಿದೆ.

ಹೆಣಗಳು ನಿಧಾನ ಆಗಿರೋದಕ್ಕೂ ಇಲ್ಲಿ ಅರ್ಥ ಸಿಗುತ್ತೆ. ಅವು ಓಡಿ ಬಂದು ನುಗ್ಗಿದ್ರೆ ವಾದ ಮಾಡೋಕೆ ಪುರುಸೊತ್ತೇ ಇರ್ತಿರಲಿಲ್ಲ. ನಿಧಾನವಾಗಿ, ಒಂದೊಂದಾಗಿ ಸೇರ್ತಾವೆ. ಹಲಗೆ ಮೇಲೆ ಭಾರ ಸ್ವಲ್ಪ ಸ್ವಲ್ಪವೇ ಏರುತ್ತೆ. ಮೆಟೀರಿಯಲ್ ಸೈನ್ಸಿನಲ್ಲಿ ಓದ್ತೀವಲ್ಲ, ಕಡಿಮೆ ಭಾರವೇ ಆದ್ರೂ ಬಹಳ ಹೊತ್ತು ಬಿದ್ದರೆ ವಸ್ತು ಬಾಗುತ್ತೆ ಅಂತ, ಹಾಗೆ. ಒಳಗಿನವರಿಗೆ ಯೋಚನೆ ಮಾಡೋಕೆ ಟೈಮ್ ಇದೆ. ಆ ಟೈಮನ್ನ ಅವರು ಯಾವುದಕ್ಕೆ ಖರ್ಚು ಮಾಡ್ತಾರೆ ಅನ್ನೋದೇ ಸಿನಿಮಾ.

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ ಸೇರಿ ನೋಡಿದ್ವಿ. ನಾನು ಹಾಸನದವನು, ಉಳಿದ ಮೂವರು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು. ಈ ಸೀನು ಬಂದಾಗ ಪಾಸ್ ಒತ್ತಿ ವೋಟ್ ಹಾಕಿದ್ವಿ. ಸಿವಿಲ್ ಓದೋ ಹೊಳೆನರಸೀಪುರದವನು “ಬೇಸ್‌ಮೆಂಟೇ ಸೇಫು ಕಣ್ರೋ, ಮೂರು ಕಡೆ ಮಣ್ಣೈತೆ” ಅಂದ. ಎರಡು ಎರಡು ಸಮ ಬಂತು. ನೀವೂ ಹಾಗೇ ಮಾಡಿ. ಯಾರ ಲೆಕ್ಕ ಗೆದ್ದಿತು ಅಂತ ಕೊನೇಲಿ ನೋಡಿದಾಗ ಆ ವೋಟು ನೆನಪಾಗುತ್ತೆ.

ರೇಡಿಯೋ ಒಂದು ಹೇಳುತ್ತೆ, ಟಿವಿ ಇನ್ನೊಂದು

ಎರಡನೆಯದಾಗಿ ಗಮನಿಸಬೇಕಾದ್ದು ಸುದ್ದಿ. ಮೊದಲು ರೇಡಿಯೋದಲ್ಲಿ ಯಾರೋ ಕೊಲೆಗಡುಕರು ಓಡಾಡ್ತಿದ್ದಾರೆ, ಮನೆಯೊಳಗೇ ಇರಿ ಅಂತಾರೆ. ಆಮೇಲೆ ಸತ್ತವರು ಮನುಷ್ಯರನ್ನ ತಿಂತಿದ್ದಾರೆ ಅಂತಾರೆ. ಟಿವಿ ಸಿಕ್ಕ ಮೇಲೆ ಸಲಹೆಯೇ ಉಲ್ಟಾ: ಮನೇಲಿ ಇರಬೇಡಿ, ರಕ್ಷಣಾ ಕೇಂದ್ರಗಳಿಗೆ ಹೋಗಿ ಅಂತ ಊರುಗಳ ಪಟ್ಟಿ ತೋರಿಸ್ತಾರೆ. ಕಾರಣ ಏನು ಅಂತ ಕೇಳಿದ್ರೆ ಶುಕ್ರಗ್ರಹದಿಂದ ವಾಪಸ್ ಬಂದ ಉಪಗ್ರಹದ ವಿಕಿರಣ ಇರಬಹುದು ಅಂತ ಒಬ್ಬರು, ಹಾಗೇನಿಲ್ಲ ಅಂತ ಪಕ್ಕದಲ್ಲೇ ನಡೀತಿರೋ ಸೇನಾಧಿಕಾರಿ. ಕ್ಯಾಮೆರಾ ಮುಂದೇನೇ ಜಗಳ. ಸಿನಿಮಾ ಕೊನೆವರೆಗೂ ಖಚಿತ ಕಾರಣ ಕೊಡಲ್ಲ.

ಟಿವಿಯಲ್ಲಿ ಒಬ್ಬ ಡಾಕ್ಟರ್ ಬಂದು ಹೇಳೋ ಮಾತು ಇಡೀ ಸಿನಿಮಾದಲ್ಲಿ ಅತ್ಯಂತ ತಣ್ಣಗಿನ ಮಾತು. ಯಾರಾದ್ರೂ ಸತ್ತರೆ ತಡ ಮಾಡಬೇಡಿ, ಕ್ರಿಯಾಕರ್ಮ ಅಂತ ಕೂರಬೇಡಿ, ಬೀದಿಗೆ ಎಳೆದು ಸುಟ್ಟುಬಿಡಿ ಅನ್ನೋ ಅರ್ಥದ ಮಾತು. ಅಲ್ಲಿ ರಕ್ತ ಇಲ್ಲ, ಕಿರುಚಾಟ ಇಲ್ಲ. ಆದ್ರೂ ರೂಮಿನಲ್ಲಿ ಎಲ್ಲರೂ ಸುಮ್ಮನಾದ್ವಿ.

ಯಾಕಂದ್ರೆ ನಾವು ಇದನ್ನ ನೋಡಿದ್ದೀವಿ. ಲಾಕ್‌ಡೌನ್ ಟೈಮಿನಲ್ಲಿ ನಾವಿನ್ನೂ ಹೈಸ್ಕೂಲು. ರಾಜ್ಯದ ಎಷ್ಟೋ ಹಳ್ಳಿಗಳು ತಮ್ಮ ರಸ್ತೆಗೆ ತಾವೇ ಮುಳ್ಳು ಹಾಕಿಕೊಂಡವು, ಕೆಲವು ಕಡೆ ಜೆಸಿಬಿ ತಂದು ರಸ್ತೆ ಅಗೆದರು. ಹಾಸನ ಜಿಲ್ಲೆಯಲ್ಲಿ 2020ರ ಮೇ ಎರಡನೇ ವಾರದವರೆಗೂ ಒಂದೂ ಕೇಸ್ ಇರಲಿಲ್ಲ, ಹಸಿರು ವಲಯ ಅಂತ ನಾವು ಎದೆ ಉಬ್ಬಿಸ್ಕೊಂಡು ಓಡಾಡ್ತಿದ್ವಿ. ಮೊದಲ ಕೇಸುಗಳು ಬಂದದ್ದು ಮುಂಬೈನಿಂದ ಚನ್ನರಾಯಪಟ್ಟಣದ ಕಡೆಗೆ ವಾಪಸಾದವರಲ್ಲಿ. ಹೊಟ್ಟೆಪಾಡಿಗೆ ಮುಂಬೈಗೆ ಹೋಗಿ, ಕೆಲಸ ನಿಂತ ಮೇಲೆ ಸ್ವಂತ ಊರಿಗೆ ಬಂದ ಜನ.

ಹ್ಯಾರಿ “ಕೆಳಗಿದ್ದವರ ಜೀವ ಪಣಕ್ಕಿಟ್ಟು ಮೇಲೆ ಬರಬೇಕಿತ್ತಾ” ಅನ್ನೋ ಧಾಟಿಯಲ್ಲಿ ಉತ್ತರ ಕೊಟ್ಟಾಗ ಚನ್ನರಾಯಪಟ್ಟಣದ ಗೆಳೆಯ ಅಂದ: “ನಮ್ ದೊಡ್ಡಪ್ಪನೋರು ಬಾಂಬೆಯಿಂದ ಬಂದಾಗ ಊರೋರು ಹಿಂಗೇ ಬಾಗ್ಲು ಹಾಕ್ಕಂಡ್ರು ಕಣೋ. ಹದಿನಾಲ್ಕು ದಿನ ಸ್ಕೂಲ್‌ನಲ್ಲಿ ಮಲಗಿದ್ರು. ಟೆಸ್ಟ್ ನೆಗೆಟಿವ್ ಬಂದ್ಮೇಲೂ ತಿಂಗಳಗಟ್ಟಲೆ ಯಾರೂ ಜಗಲಿ ಹತ್ತಲಿಲ್ಲ.”

ಅರಕಲಗೂಡಿನವನು ಸ್ವಲ್ಪ ಹೊತ್ತು ಬಿಟ್ಟು ಹೇಳಿದ: “ನಮ್ಮನೇಲಿ ಅಜ್ಜಿಗೆ ಉಬ್ಬಸ ಇತ್ತು. ನಾವೂ ಬಾಗ್ಲು ಹಾಕ್ಕಂಡಿದ್ವಿ. ಬೇಕಂತ ಅಲ್ಲ ಮಗಾ. ಭಯ.”

ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ. ಹ್ಯಾರಿಯನ್ನ ಬರೀ ವಿಲನ್ ಅಂತ ನೋಡಬೇಡಿ ಅಂತ ನಾನು ಹೇಳೋದು ಅದಕ್ಕೇ. ಅವನು ಸಿಡುಕ, ಹೇಡಿ, ಮೊಂಡ. ಎಲ್ಲಾ ನಿಜ. ಆದರೆ ಅವನ ಹಿಂದೆ ಕೆಳಗೆ ಮೇಜಿನ ಮೇಲೆ ಜ್ವರದಲ್ಲಿ ಮಲಗಿರೋ ಮಗಳಿದ್ದಾಳೆ. ಬೆನ್ ಧೈರ್ಯವಂತ, ಕೆಲಸಗಾರ. ಆದರೆ ಅವನೂ ‘ಮೇಲೆ ನಾನು ಹೇಳಿದ್ದೇ ನಡೀಬೇಕು’ ಅನ್ನೋನು. ಇಬ್ಬರೂ ಎರಡು ಹೆಜ್ಜೆ ಹಿಂದಕ್ಕೆ ಸರಿದಿದ್ದರೆ ಮೇಲೂ ಕಾಯಬಹುದಿತ್ತು, ಕೆಳಗೂ ಜಾಗ ಇತ್ತು.

ದುಡ್ಡಿಲ್ಲದೆ ಪ್ರಳಯ ಮಾಡೋದು ಹೇಗೆ

ರೊಮೆರೊ ಮತ್ತು ಗೆಳೆಯರು ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರಗಳನ್ನ ಮಾಡ್ತಿದ್ದ ಹುಡುಗರು. ಹತ್ತು ಜನ ಸೇರಿ ತಲಾ 600 ಡಾಲರ್ ಹಾಕಿ ‘ಇಮೇಜ್ ಟೆನ್’ ಅನ್ನೋ ಕಂಪನಿ ಶುರು ಮಾಡಿದರು. ಆಮೇಲೆ ಅವರಿವರ ಹತ್ತಿರ ಕೂಡಿಸಿ ಒಟ್ಟು ಖರ್ಚು ಸುಮಾರು 1,14,000 ಡಾಲರ್ ಆಯ್ತು. ಹಾಲಿವುಡ್ ಲೆಕ್ಕದಲ್ಲಿ ಅದು ಪುಡಿಗಾಸು.

ಹಾಗಾಗಿ ಪ್ರತಿಯೊಂದಕ್ಕೂ ಜುಗಾಡ್. ಕಪ್ಪು ಬಿಳುಪು ಫಿಲ್ಮು, ಖರ್ಚು ಕಡಿಮೆ. ಕಪ್ಪು ಬಿಳುಪಿನಲ್ಲಿ ಚಾಕೊಲೇಟ್ ಸಿರಪ್ಪೇ ರಕ್ತ. ಇವಾನ್ಸ್ ಸಿಟಿ ಹತ್ತಿರ ಕೆಡವೋಕೆ ಅಂತ ಬಿಟ್ಟಿದ್ದ ಮನೆ ಸಿಕ್ಕಿತು, ಆದ್ದರಿಂದ ಗೋಡೆಗೆ ಮೊಳೆ ಹೊಡೆದ್ರೂ ಯಾರೂ ಕೇಳೋರಿಲ್ಲ. ಆ ಮನೆಯ ನೆಲಮಾಳಿಗೆ ಚಿತ್ರೀಕರಣಕ್ಕೆ ಆಗೋ ಹಾಗಿರಲಿಲ್ಲ, ಆ ಸೀನುಗಳನ್ನ ತಮ್ಮ ಆಫೀಸು ಕಟ್ಟಡದ ಕೆಳಗೆ ತೆಗೆದರು. ಹ್ಯಾರಿ ಪಾತ್ರ ಮಾಡಿದ ಕಾರ್ಲ್ ಹಾರ್ಡ್‌ಮನ್ ನಿರ್ಮಾಪಕರಲ್ಲಿ ಒಬ್ಬ. ಸಿನಿಮಾದಲ್ಲಿನ ಮಗಳು ನಿಜವಾಗಲೂ ಅವನ ಮಗಳೇ, ಕೈರಾ ಶೋನ್. ಹೆಣವಾಗಿ ನಡೆದವರಲ್ಲಿ ಎಷ್ಟೋ ಜನ ಸುತ್ತಮುತ್ತಲ ಊರಿನವರು. ಹಿನ್ನೆಲೆ ಸಂಗೀತ ಕೂಡ ಮೊದಲೇ ರೆಕಾರ್ಡ್ ಆಗಿ ಸಿಗುತ್ತಿದ್ದ ಸಂಗ್ರಹದ್ದು.

ಇಡೀ ಪ್ರಪಂಚ ಮುಳುಗೋದನ್ನ ತೋರಿಸೋಕೆ ದುಡ್ಡಿರಲಿಲ್ಲ. ಒಂದು ಮನೆ ತೋರಿಸಿದರು, ಪ್ರಪಂಚವನ್ನ ಟಿವಿ ಸುದ್ದಿಗೆ ಬಿಟ್ಟರು. ಅದು ಬಡತನದ ಉಪಾಯವೇ ಇರಬಹುದು, ಆದರೆ ಸತ್ಯಕ್ಕೆ ಹತ್ತಿರ. ಪ್ರಳಯ ಅನ್ನೋದು ಭೂಮಿಗೆಲ್ಲ ಒಟ್ಟಿಗೆ ಬರಬೇಕಾಗಿಲ್ಲ. ನಮ್ಮ ಕಂದಾಯ ದಾಖಲೆಗಳಲ್ಲಿ ಜನ ಬಿಟ್ಟುಹೋದ ಊರಿಗೆ ‘ಬೇಚರಾಕ್ ಗ್ರಾಮ’ ಅಂತಾರೆ. ಪಾರಸಿಯ ‘ಬೇ ಚಿರಾಗ್’, ಅಂದ್ರೆ ದೀಪವಿಲ್ಲದ್ದು. ಹೆಸರು, ಗಡಿ, ಸರ್ವೆ ನಂಬರ್ ಎಲ್ಲಾ ಇದೆ, ದೀಪ ಹಚ್ಚೋರು ಇಲ್ಲ. ರೀಲ್ಸ್ ಮಾಡೋಕೆ ನಾವು ಹೋಗ್ತೀವಲ್ಲ ಶೆಟ್ಟಿಹಳ್ಳಿ ಚರ್ಚು, ಅದೂ ಅಂಥದ್ದೇ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದು ನೀರು ನಿಂತ ಮೇಲೆ ಅದರ ಸುತ್ತಲಿನ ಊರು ಎದ್ದುಹೋಯ್ತು, ಗೋಡೆಗಳು ಉಳಿದವು. ಆ ಊರಿನವರ ಪಾಲಿಗೆ ಒಂದು ಲೋಕ ಮುಗಿದದ್ದೇ.

ಕಲ್ಟ್ ಆಗಿದ್ದು ಹೇಗೆ

ನಮ್ಮಲ್ಲಿ ‘ಓಂ’ ಮತ್ತೆ ಮತ್ತೆ ಥಿಯೇಟರಿಗೆ ಬಂದು, ಪ್ರತಿ ಸಲವೂ ಜನ ಸೇರಿದರಲ್ಲ, ಅದನ್ನ ನೆನೆಸಿಕೊಂಡರೆ ‘ಕಲ್ಟ್’ ಅಂದ್ರೇನು ಅಂತ ಬೇರೆ ಹೇಳಬೇಕಿಲ್ಲ. ಈ ಸಿನಿಮಾ ಮೊದಲು ಬಿಡುಗಡೆಯಾದಾಗ ಅಮೆರಿಕದಲ್ಲಿ ಈಗಿನಂಥ ವಯಸ್ಸಿನ ರೇಟಿಂಗ್ ಇರಲಿಲ್ಲ, ಅದು ಬಂದದ್ದು ಒಂದು ತಿಂಗಳ ನಂತರ. ಮ್ಯಾಟಿನಿಗೆ ಚಿಕ್ಕ ಮಕ್ಕಳೂ ಬಂದು ಕೂತಿದ್ದರು. ಚಿಕಾಗೋದ ವಿಮರ್ಶಕ ರೋಜರ್ ಈಬರ್ಟ್, ಆ ಮಕ್ಕಳು ಅಳ್ತಾ ಕೂತಿದ್ದನ್ನ 1969ರ ಜನವರಿಯಲ್ಲಿ ಬರೆದರು. ಆಮೇಲೆ ಮಧ್ಯರಾತ್ರಿ ಶೋಗಳಲ್ಲಿ ವರ್ಷಗಟ್ಟಲೆ ಓಡಿತು. 1999ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು.

ಬೆನ್ ಪಾತ್ರ ಮಾಡಿದ ಡ್ಯುಯೇನ್ ಜೋನ್ಸ್ ಕಪ್ಪು ವರ್ಣೀಯ. ಸಿನಿಮಾದಲ್ಲಿ ಯಾರೂ ಅವನ ಬಣ್ಣದ ಮಾತೆತ್ತಲ್ಲ. ಆದರೆ ಅದು 1968, ಮಾರ್ಟಿನ್ ಲೂಥರ್ ಕಿಂಗ್ ಅವರನ್ನ ಏಪ್ರಿಲ್ 4ರಂದು ಗುಂಡಿಟ್ಟು ಕೊಂದ ವರ್ಷ. ಆಗಿನ ಅಮೆರಿಕದ ಪ್ರೇಕ್ಷಕರು ಹ್ಯಾರಿ ಮತ್ತು ಬೆನ್ ಜಗಳವನ್ನ ಹೇಗೆ ನೋಡಿರ್ತಾರೆ ಅಂತ ಯೋಚಿಸಿ. ಕೊನೆಯ ಐದು ನಿಮಿಷ ನೋಡುವಾಗ ಈ ಇಸವಿ ತಲೇಲಿ ಇರಲಿ. ಇಷ್ಟು ಸಾಕು.

ಒಂದು ಸಾಲು ಬಿಟ್ಟುಹೋಗಿದ್ದಕ್ಕೆ

ಈ ಸಿನಿಮಾಕ್ಕೆ ಮೊದಲು ಇಟ್ಟಿದ್ದ ಹೆಸರು ‘ನೈಟ್ ಆಫ್ ದಿ ಫ್ಲೆಶ್ ಈಟರ್ಸ್’. ವಿತರಕರು ಹೆಸರು ಬದಲಿಸಿದರು. ಅಮೆರಿಕದ ಆಗಿನ ಕಾನೂನಿನ ಪ್ರಕಾರ ಪ್ರತಿಗಳ ಮೇಲೆ ಹಕ್ಕುಸ್ವಾಮ್ಯದ ಸೂಚನೆ ಇರಲೇಬೇಕು. ಆ ಸೂಚನೆ ಇದ್ದದ್ದು ಹಳೆಯ ಹೆಸರಿನ ಫಲಕದ ಜೊತೆಗೆ. ಹೊಸ ಫಲಕ ಹಾಕುವಾಗ ಆ ಒಂದು ಸಾಲು ಬಿಟ್ಟುಹೋಯ್ತು. ಸಿನಿಮಾ ಅಲ್ಲಿ ಯಾರ ಸೊತ್ತೂ ಅಲ್ಲದೇ ಹೋಯ್ತು. ಯಾರು ಬೇಕಾದರೂ ಪ್ರಿಂಟ್ ಹಾಕಿ ಮಾರಿದರು, ಟಿವಿಯಲ್ಲಿ ತೋರಿಸಿದರು. ಮಾಡಿದವರ ಕೈಗೆ ಬರಬೇಕಾದ ದುಡ್ಡು ಬರಲಿಲ್ಲ. ಆದರೆ ಅದೇ ಕಾರಣಕ್ಕೆ ಸಿನಿಮಾ ಎಲ್ಲಾ ಕಡೆ ಹಬ್ಬಿತು. ಕೋಡ್ ಬರೆದು ಅಪ್‌ಲೋಡ್ ಮಾಡೋ ನಾವು ಲೈಸೆನ್ಸ್ ಫೈಲ್ ಹಾಕೋದನ್ನ ಮರೆತರೆ ಈಗ ಹೀಗಾಗಲ್ಲ, ಹಕ್ಕು ಬರೆದವರ ಹತ್ತಿರವೇ ಉಳಿಯುತ್ತೆ.

ಜೊತೆಗೊಂದು ಕನ್ನಡ ಸಿನಿಮಾ

ಇದನ್ನ ನೋಡಿದ ಮಾರನೇ ದಿನವೋ, ಮುಂದಿನ ವಾರವೋ ‘ಸಂಸ್ಕಾರ’ ನೋಡಿ. ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ 1970ರ ಸಿನಿಮಾ. ಇದೂ ಕಪ್ಪು ಬಿಳುಪು, ಇದೂ ಕಡಿಮೆ ದುಡ್ಡಿನದು. ಇದನ್ನ ಸೆನ್ಸಾರ್ ಮಂಡಳಿ ಮೊದಲು ತಡೆದಿತ್ತು, ಆಮೇಲೆ ದೇಶದ ಅತ್ಯುತ್ತಮ ಚಿತ್ರ ಅನ್ನೋ ರಾಷ್ಟ್ರಪ್ರಶಸ್ತಿ ಬಂತು.

ಯಾರೂ ಇದನ್ನ ಹಾರರ್ ಅನ್ನಲ್ಲ. ಆದರೆ ಕಥೆ ನೋಡಿ. ಅಗ್ರಹಾರದಲ್ಲಿ ನಾರಣಪ್ಪ ಸಾಯ್ತಾನೆ. ಅವನ ಸಂಸ್ಕಾರ ಯಾರು ಮಾಡಬೇಕು, ಮಾಡಬಹುದೋ ಇಲ್ಲವೋ ಅಂತ ವಾದ. ಹೆಣ ಮನೆಯೊಳಗೇ ಇದೆ. ಇಲಿ ಸಾಯ್ತಿವೆ, ಪ್ಲೇಗು ಬಂದಿದೆ, ಹದ್ದು ಸುತ್ತುತ್ತಿವೆ. ಇಲ್ಲಿ ಹೆಣ ಎದ್ದು ನಡೆಯಲ್ಲ, ನಡೆಯಬೇಕಾದ ಅಗತ್ಯವೂ ಇಲ್ಲ. ಅಪಾಯ ಬಾಗಿಲಿಗೆ ಬಂದಾಗ ಒಳಗಿನವರು ಯಾರು ಸರಿ ಅನ್ನೋದನ್ನೇ ಇತ್ಯರ್ಥ ಮಾಡ್ತಾ ಕೂತರು ಅನ್ನೋದು ಎರಡರಲ್ಲೂ ಒಂದೇ. ಅಮೆರಿಕದ ಡಾಕ್ಟರ್ ಕ್ರಿಯಾಕರ್ಮ ಬಿಡಿ, ಸುಡಿ ಅಂತಾನೆ. ಇಲ್ಲಿ ಕ್ರಿಯಾಕರ್ಮ ತೀರ್ಮಾನ ಆಗೋವರೆಗೂ ಸುಡೋ ಹಾಗಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತಾಡೋಕೆ ಒಂದು ರಾತ್ರಿ ಸಾಲಲ್ಲ.

ನೋಡೋರಿಗೆ ನಾಲ್ಕು ಮಾತು

ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತೆ, ಕದ್ದು ಇಳಿಸಿಕೊಳ್ಳೋ ತಾಪತ್ರಯ ಇಲ್ಲ. ಹಳೇ ಪ್ರಿಂಟುಗಳು ಮಬ್ಬು. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಮತ್ತು ಫಿಲ್ಮ್ ಫೌಂಡೇಶನ್ ಸೇರಿ 2016ರಲ್ಲಿ ಶುದ್ಧಗೊಳಿಸಿದ ಪ್ರತಿ ಸಿಕ್ಕರೆ ಅದನ್ನೇ ನೋಡಿ. ಬಣ್ಣ ಹಚ್ಚಿದ ಪ್ರತಿಗಳೂ ಇವೆ, ಅವನ್ನ ಮುಟ್ಟಬೇಡಿ. ಚಾಕೊಲೇಟ್ ಸಿರಪ್ಪಿಗೆ ಕೆಂಪು ಬಳಿದರೆ ಮಜಾ ಹೋಗುತ್ತೆ.

ಒಟ್ಟು 96 ನಿಮಿಷ. ಮೆಸ್ಸಲ್ಲಿ ಊಟ ಮುಗಿಸಿ ಕೂತರೆ ಹನ್ನೊಂದಕ್ಕೆ ಮುಗಿಯುತ್ತೆ. ಮೂರು ನಾಲ್ಕು ಜನ ಇರಲಿ, ಒಬ್ಬರೇ ನೋಡಬೇಡಿ. ಹೆದರಿಕೆಗಲ್ಲ, ವೋಟ್ ಹಾಕೋಕೆ ಜನ ಬೇಕು. ಮೊದಲ ಇಪ್ಪತ್ತು ನಿಮಿಷ ಫೋನ್ ಮುಟ್ಟಬೇಡಿ, ಬಾರ್ಬ್ರಾ ಮೌನ ಉದ್ದ ಅನ್ಸಿದ್ರೂ ತಡ್ಕೊಳ್ಳಿ. ಕೊನೆಯಲ್ಲಿ ಹೆಸರುಗಳು ಬರುವಾಗ ಎದ್ದು ಹೋಗಬೇಡಿ, ಅದರ ಹಿಂದೆ ಬರೋ ಚಿತ್ರಗಳೂ ಕಥೆಯ ಭಾಗವೇ. ಪಕ್ಕದಲ್ಲಿ ಚನ್ನರಾಯಪಟ್ಟಣದವರೋ, ಬಾಂಬೆಗೆ ಹೋಗಿ ಬಂದ ಮನೆಯವರೋ ಕೂತಿದ್ದರೆ ಸಿನಿಮಾ ಮುಗಿದ ತಕ್ಷಣ ಲೈಟ್ ಹಾಕಬೇಡಿ. ಅವರು ಮಾತಾಡೋವರೆಗೂ ಸ್ವಲ್ಪ ಕಾಯಿರಿ.